ಕೂಡಿ ಆಡುವ ಮಕ್ಕಳು, ಕೂಡಿ ಬರುವ ಬೇನೆ

ಹತ್ತು ಮಕ್ಕಳು ಒಂದೆಡೆ ಕೂಡಿದರೆ ಮನೆಗೆ ಕಳೆ ಬರುತ್ತದೆ. ಆ ಹತ್ತರಲ್ಲಿ ಒಂದು ಮಗುವಿಗೆ ದಡಾರವೋ ನಾಯಿಕೆಮ್ಮೋ ತಗುಲಿದರೆ ಆ ಕಳೆಯೆಲ್ಲ ಒಂದೇ ವಾರದಲ್ಲಿ ಕಳವಳವಾಗಿ ಮಾರ್ಪಡುತ್ತದೆ. ಒಂದು ಮಗುವಿನ ಮೂಗು ಸೋರಿದರೆ ನಾಲ್ಕನೆಯ ದಿನಕ್ಕೆ ಆರು ಮಕ್ಕಳ ಮೂಗು ಸೋರುತ್ತದೆಂಬುದನ್ನು ಶಿಶುವಿಹಾರ ನಡೆಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ಮಕ್ಕಳನ್ನು ಕೂಡಿಸದೆ ಇರಲು ಸಾಧ್ಯವೆ? ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಅದು ಎಂದೂ ಸಾಧ್ಯವಾಗಿಲ್ಲ. ಇಲ್ಲಿ ಹೆಣ್ಣುಮಕ್ಕಳು ನಾಟಿ ಹಾಕುವವರು, ಕಳೆ ಕೀಳುವವರು, ಕಬ್ಬಿನ ಗದ್ದೆಯಲ್ಲಿ ದುಡಿಯುವವರು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವವರು. ತಾಯಿ ಗದ್ದೆಗೆ ಇಳಿಯಬೇಕಾದರೆ ಮಗು ಎಲ್ಲಾದರೂ ಇರಲೇಬೇಕು. ಬದುವಿನ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲೋ, ಅಜ್ಜಿಯ ಮಡಿಲಲ್ಲೋ, ಅಂಗನವಾಡಿಯ ಚಾಪೆಯ ಮೇಲೋ ಅದು ಇರಬೇಕು.

ಕೂಡಿದ ಮಕ್ಕಳ ನಡುವೆ ಬೇನೆ ಹರಡದಂತೆ ತಡೆಯುವುದು ಹೇಗೆ ಎಂಬುದು ಇಂದಿನ ವಿಚಾರ. ಇದನ್ನು ಕೇವಲ ವೈದ್ಯರ ವಿಷಯವೆಂದು ಬದಿಗಿಡಬೇಡಿ. ಇದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಸಾಂಕ್ರಾಮಿಕದ ಎದುರಿನ ಹೋರಾಟದಲ್ಲಿ ಔಷಧವಷ್ಟೇ ಗೆದ್ದದ್ದು ಎಲ್ಲಿಯೂ ಇಲ್ಲವೆಂದು ಆ ಇತಿಹಾಸ ಹೇಳುತ್ತದೆ. ತಾಯಿಯ ನಂಬಿಕೆ ದೊರೆತ ಕಡೆ ಔಷಧ ಗೆದ್ದಿತು. ಅವಳನ್ನು ಹೆದರಿಸಿದ ಕಡೆ ಬೇನೆ ಅಡಗಿ ಕುಳಿತು ಮತ್ತೆ ಎದ್ದಿತು.

ಮೊದಲು ನಮ್ಮ ಹಿರಿಯರ ಮಾತು. ಸಿಡುಬನ್ನು ಅವರು ಬೇನೆಯೆಂದು ಕರೆಯುತ್ತಿರಲಿಲ್ಲ. “ಅಮ್ಮ ಬಂದಿದ್ದಾಳೆ” ಎನ್ನುತ್ತಿದ್ದರು. ಮಾರಮ್ಮನ ಗುಡಿಯಿಲ್ಲದ ಊರು ಈ ಸೀಮೆಯಲ್ಲಿ ಹುಡುಕಿದರೂ ದೊರೆಯುವುದು ಕಷ್ಟ. ಮಳವಳ್ಳಿಯ ದಂಡಿನ ಮಾರಮ್ಮನನ್ನೂ ಪಟ್ಟಲದಮ್ಮನನ್ನೂ ಅರಿಯದವರು ಆ ಕಡೆ ಇಲ್ಲ. ಮನೆಯಲ್ಲಿ ಅಮ್ಮ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರು ಒಳಕ್ಕೆ ಬಾರದಿರುವುದು, ಒಗ್ಗರಣೆ ಹಾಕದಿರುವುದು, ಮಗುವನ್ನು ತಂಪಾದ ಮೂಲೆಯಲ್ಲಿ ಬೇವಿನ ಎಲೆಯ ಮೇಲೆ ಮಲಗಿಸುವುದು, ಇವೆಲ್ಲ ಕಟ್ಟಲೆಗಳಾಗಿದ್ದವು. ಇವನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಬಾಗಿಲ ಬೇವಿನ ಸೊಪ್ಪು ಮಾಡುತ್ತಿದ್ದ ಕೆಲಸವೇನು? “ಈ ಮನೆಯಲ್ಲಿ ಬೇನೆಯಿದೆ, ಒಳಗೆ ಬರಬೇಡಿ” ಎಂದು ಓದು ಬಾರದವರಿಗೂ ತಿಳಿಯುವಂತೆ ಅದು ಸಾರುತ್ತಿತ್ತು. ರೋಗಿಯನ್ನು ಬೇರೆ ಇಡಬೇಕೆಂಬ ಅರಿವು ನಮ್ಮ ಅಜ್ಜಿಯರಿಗೆ ಇತ್ತು. ಅದರ ಜೊತೆಗೆ ಎರಡು ಕೊರತೆಗಳೂ ಇದ್ದವು. ಬೇನೆ ಕಾಣಿಸಿಕೊಂಡ ಮೇಲೆ ಮಾತ್ರ ಆ ಕಟ್ಟಲೆ ಹೊರಡುತ್ತಿತ್ತು. ಅಷ್ಟರಲ್ಲಿ ಜೊತೆಯಲ್ಲಿ ಆಡಿದ ಮಕ್ಕಳಿಗೆ ಅದು ಅಂಟಿಯಾಗಿರುತ್ತಿತ್ತು. ಹರಕೆ ತೀರಿಸಲು ಜನ ಕಿಕ್ಕಿರಿದು ನೆರೆದಾಗ ಬೇನೆಗೆ ಹೊಸ ದಾರಿಯೂ ದೊರೆಯುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಒಪ್ಪುತ್ತದೆ.

ಬೇನೆ ಬರುವ ಮುನ್ನವೇ ಬಾಗಿಲು ಹಾಕುವ ಉಪಾಯ ದೊರೆತದ್ದು 1796ರಲ್ಲಿ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ, ಹಸುವಿನ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ಹಾಕಿದರೆ ಮನುಷ್ಯನ ಸಿಡುಬು ಹತ್ತಿರ ಸುಳಿಯದೆಂದು ತೋರಿಸಿಕೊಟ್ಟ. ಅದನ್ನು ನಮ್ಮ ದೇಶಕ್ಕೆ ತರುವುದೇ ದೊಡ್ಡ ತೊಡಕಾಯಿತು. ಆಗ ಮಂಜುಗಡ್ಡೆಯ ಪೆಟ್ಟಿಗೆಯಿರಲಿಲ್ಲ, ಬಿಸಿಲಿಗೆ ಲಸಿಕೆ ಕೆಡುತ್ತಿತ್ತು. ಆದುದರಿಂದ ಅದನ್ನು ಸಾಗಿಸಿದ್ದು ಮನುಷ್ಯರ ತೋಳುಗಳೇ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನದ ಸುಮಾರಿಗೆ ತೆಗೆದು ಮತ್ತೊಬ್ಬರ ತೋಳಿಗೆ ಹಾಕುವುದು, ಅಲ್ಲಿಂದ ಇನ್ನೊಬ್ಬರಿಗೆ ಹಾಕುವುದು, ಹೀಗೆ ಸರಪಣಿ ಸಾಗಬೇಕಾಗಿತ್ತು. ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ಆ ಲಸಿಕೆಯನ್ನು 1802ನೆಯ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದರು. ಭಾರತದಲ್ಲಿ ಲಸಿಕೆ ಹಿಡಿದ ಮೊದಲ ತೋಳು ಅದು. ಅವಳ ತೋಳಿನ ರಸದಿಂದ ಇನ್ನೂ ಐದು ಮಕ್ಕಳಿಗೆ ಲಸಿಕೆಯಾಯಿತು. ಅಲ್ಲಿಂದ ಅದು ದೇಶದ ಇತರ ಭಾಗಗಳಿಗೆ ಹೊರಟಿತು. ಮುಂದಿನ ವರ್ಷವೇ, 1803ರಲ್ಲಿ, ಸ್ಪೇನಿನ ದೊರೆ ಅಮೆರಿಕದ ತನ್ನ ನಾಡುಗಳಿಗೆ ಲಸಿಕೆ ಕಳುಹಿಸಿದಾಗ ಹಡಗಿನಲ್ಲಿ ಅದನ್ನು ಹೊತ್ತು ಹೋದವರು 22 ಮಂದಿ ಅನಾಥ ಬಾಲಕರು. ಬೇನೆಯನ್ನು ಒಬ್ಬರಿಂದೊಬ್ಬರಿಗೆ ಹಬ್ಬಿಸುವವರೆಂದು ನಾವು ಮಕ್ಕಳನ್ನು ದೂರುತ್ತೇವಷ್ಟೆ. ಬೇನೆಯ ಮದ್ದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಜಗತ್ತನ್ನು ಕಾದವರೂ ಮಕ್ಕಳೇ.

ಮೈಸೂರು ಸೀಮೆಯಲ್ಲಿ ಈ ಹೊಸ ಮದ್ದಿಗೆ ಅರಮನೆಯ ಹೆಂಗಸರು ಒತ್ತಾಸೆಯಾಗಿ ನಿಂತರು. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದ ಕಾಲ ಅದು. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಮಾತು ನಡೆಯುತ್ತಿತ್ತು. ಬಾಲರಾಣಿ ದೇವಾಜಮ್ಮಣ್ಣಿಯವರಿಗೆ ಲಸಿಕೆ ಹಾಕಿಸಿದ ಸುದ್ದಿ ಹರಡಿದ ಮೇಲೆ ಜನ ಮುಂದೆ ಬಂದರೆಂದು ಆ ಕಾಲದ ಬರಹಗಳಿಂದ ತಿಳಿಯುತ್ತದೆ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ಮೂವರು ರಾಣಿಯರ ಚಿತ್ರವೊಂದನ್ನು ಬರೆದ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ತುಸು ಸರಿಸಿ ತೋಳಿನ ಕಡೆ ಬೆರಳು ಮಾಡಿದ್ದಾಳೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಲೋಕಕ್ಕೆ ತೋರಿಸುವುದೇ ಆ ಸನ್ನೆಯೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ವಿವರಣೆ ಸರಿಯಾದರೆ ಅದು ನಮ್ಮ ನಾಡಿನ ಮೊದಲ ಆರೋಗ್ಯ ಪ್ರಚಾರ ಚಿತ್ರವೆನ್ನಬೇಕು. ಅದು ಮಾಡಿದ್ದು ಅಪ್ಪಣೆಯಲ್ಲ. “ನಾವು ಹಾಕಿಸಿಕೊಂಡಿದ್ದೇವೆ, ನೀವೂ ಹಾಕಿಸಿಕೊಳ್ಳಬಹುದು” ಎಂಬ ಮಾತನ್ನು ಹೆಂಗಸರು ಹೆಂಗಸರಿಗೆ ಹೇಳಿದಂತಾಯಿತು.

ಆದರೂ ತೋಳಿನಿಂದ ತೋಳಿಗೆ ಸಾಗುವ ಲಸಿಕೆಯಲ್ಲಿ ತಾಯಂದಿರಿಗೆ ಒಂದು ದೊಡ್ಡ ಸಂಕಟವಿತ್ತು. ದಾಕು ಹಾಕುವವನು ಎಂಟನೆಯ ದಿನ ಮತ್ತೆ ಬಂದು ಮಗುವಿನ ಹುಣ್ಣನ್ನು ಚುಚ್ಚಿ ರಸ ತೆಗೆಯುತ್ತಿದ್ದನು. ಒಮ್ಮೆ ಅತ್ತ ಮಗುವನ್ನು ಮತ್ತೆ ಅಳಿಸಲು ಯಾವ ತಾಯಿ ಒಪ್ಪಿಯಾಳು? ಒಬ್ಬರ ಬೇರೆ ಬೇನೆಯೂ ಮತ್ತೊಬ್ಬರಿಗೆ ದಾಟುವ ಅಪಾಯವೂ ಇಲ್ಲದಿರಲಿಲ್ಲ. ಮಗುವನ್ನು ಬಚ್ಚಿಟ್ಟ ತಾಯಂದಿರನ್ನು ಅಜ್ಞಾನಿಗಳೆಂದು ಬೈದದ್ದುಂಟು; ಆದರೆ ಅವರ ಭಯ ಪೂರ್ತಿ ಬುಡವಿಲ್ಲದ್ದಲ್ಲ. ಮುಂದೆ ಕರುವಿನ ಮೈಯಲ್ಲಿ ಲಸಿಕೆ ಬೆಳೆಸುವ ವಿಧಾನ ಬಂದಾಗ ಈ ತೊಂದರೆ ತಪ್ಪಿತು. ಬೆಂಗಳೂರಿನಲ್ಲಿ ಅಂಥ ಲಸಿಕೆ ತಯಾರಿಸುವ ಸಂಸ್ಥೆ ನಡೆಯಿತು. ಜಾತಿಯ ಕಾರಣದಿಂದ ತಮ್ಮ ತಿರುವಾಂಕೂರಿನಲ್ಲಿ ಕೆಲಸ ದೊರೆಯದೆ ಮೈಸೂರು ಸಂಸ್ಥಾನಕ್ಕೆ ಬಂದ ಡಾ. ಪಲ್ಪು ಅವರು ಆ ಸಂಸ್ಥೆಯಲ್ಲಿ ದುಡಿದರು. ಪ್ಲೇಗಿನ ಕಾಲದಲ್ಲಿಯೂ ಅವರು ಬೆಂಗಳೂರಿನಲ್ಲಿ ಜನಸೇವೆ ಮಾಡಿದರು.

ಆ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟದ್ದು 1898ರಲ್ಲಿ. ನಂಬಿಕೆಯನ್ನು ಕಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ಆ ವರ್ಷ ಸಾಕ್ಷಿಯಾಗಿದೆ. ಇಡೀ ದೇಶದಲ್ಲಿ ಆಗ ಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಬಲವಂತವಾಗಿ ಎತ್ತಿಕೊಂಡು ಹೋಗಿ ಬೇರೆಯಿಡುವುದು, ಮನೆಯವರನ್ನು ಊರ ಹೊರಗಿನ ಶೆಡ್ಡುಗಳಿಗೆ ಕಳುಹಿಸುವುದು ಮೊದಲಾದ ಕ್ರಮಗಳು ನಡೆದವು. ಇಂದು ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅದೇ ವರ್ಷ ಜನ ಇಂಥ ಕ್ರಮಗಳ ವಿರುದ್ಧ ದಂಗೆಯೆದ್ದರು. ಮಗುವಿಗೆ ಜ್ವರವೆಂದು ಹೇಳಿದರೆ ಮಗುವನ್ನೇ ಕಸಿದುಕೊಳ್ಳುತ್ತಾರೆಂದಾದಾಗ ಯಾವ ತಾಯಿ ಜ್ವರವಿದೆಯೆಂದು ಹೇಳುತ್ತಾಳೆ? ಬೇನೆಯನ್ನು ಮುಚ್ಚಿಟ್ಟ ಮನೆಯಿಂದಲೇ ಬೇನೆ ನೆರೆಮನೆಗೆ ಹೋಗುತ್ತದೆ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರೆ ಪ್ಲೇಗು ತಗ್ಗುತ್ತದೆಂಬುದು ನಿಜವೇ ಆಗಿತ್ತು; ಇಲಿಯಿಂದಲೂ ಇಲಿಯ ಮೈಯ ಚಿಗಟದಿಂದಲೂ ದೂರವಾದಂತಾಗುತ್ತಿತ್ತು. ತಾವಾಗಿಯೇ ಊರು ಬಿಟ್ಟವರೂ ಹಲವರು. ಒಳ್ಳೆಯ ಉಪಾಯವೂ ಲಾಠಿಯ ತುದಿಯಲ್ಲಿ ಬಂದರೆ ಕೆಟ್ಟದಾಗಿ ಕಾಣುತ್ತದೆ.

ಮಂಡ್ಯದ ಪಾಲಿಗೆ ಮುಂದಿನ ಅಧ್ಯಾಯ ನೀರಿನೊಂದಿಗೆ ಬಂದಿತು. ಕನ್ನಂಬಾಡಿಯ ಅಣೆಕಟ್ಟಿನಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣನೆಲಕ್ಕೆ ಹರಿಯತೊಡಗಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿಯ ಹೊಲ ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ಬಾಳು ಹಸನಾಯಿತು; ಆದರೆ ನಿಂತ ನೀರಿನೊಡನೆ ಸೊಳ್ಳೆಯೂ ಚಳಿಜ್ವರವೂ ಬಂದುವು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟುತ್ತಿದ್ದ ಕಾಲ ಅದು. ಅದರ ಒಂದು ಮಾದರಿ ಗ್ರಾಮಾಂತರ ಆರೋಗ್ಯ ಘಟಕವನ್ನು 1930ರ ಆಸುಪಾಸಿನಲ್ಲಿ ಮಂಡ್ಯದಲ್ಲಿ ಸ್ಥಾಪಿಸಿದರು. ರೋಗಿ ಆಸ್ಪತ್ರೆಗೆ ಬರಲೆಂದು ಕಾಯುತ್ತ ಕೂರದೆ ಆರೋಗ್ಯವೇ ಹಳ್ಳಿಗೆ ಹೋಗಬೇಕೆಂಬುದು ಇಂಥ ಘಟಕಗಳ ಹೊಸತನ. ಹುಟ್ಟು ಸಾವುಗಳನ್ನು ಬರೆದಿಡುವುದು, ದಾಕು ಹಾಕುವುದು, ಸೂಲಗಿತ್ತಿಯ ಕೆಲಸ, ಪಾಯಿಖಾನೆ, ಕುಡಿಯುವ ನೀರು, ಇವೆಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಸುವುದು ಅದರ ಕ್ರಮ. ಹೆರಿಗೆಗೆ ಬಂದ ದಾದಿಯ ಮಾತಿಗೆ ಮನೆಯಲ್ಲಿ ಬೆಲೆ ಹೆಚ್ಚು. ಕೂಸನ್ನು ಕೈಯಲ್ಲಿ ಹಿಡಿದು ತಾಯಿಗೆ ಕೊಟ್ಟವಳೇ ಮೂರು ತಿಂಗಳ ಮೇಲೆ ಬಂದು “ದಾಕು ಹಾಕಿಸವ್ವ” ಎಂದರೆ ಬಾಗಿಲು ಮುಚ್ಚಿಕೊಳ್ಳುವವರು ಕಡಮೆ.

ಇಷ್ಟಾದರೂ ದುಡಿಯುವ ತಾಯಿಯ ಮಗುವಿಗೆ ಹಗಲು ಹೊತ್ತು ಒಂದು ನೆಲೆ ಬೇಕೆಂಬ ಮಾತು ಕಾನೂನಿನ ಪುಸ್ತಕಕ್ಕೆ ಬರಲು ಸ್ವಾತಂತ್ರ್ಯ ಬರಬೇಕಾಯಿತು. 1948ರ ಕಾರ್ಖಾನೆಗಳ ಕಾಯಿದೆಯ 48ನೆಯ ಪ್ರಕರಣ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರತಕ್ಕದ್ದೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು. ಕೊಠಡಿಯಲ್ಲಿ ಸಾಕಷ್ಟು ಸ್ಥಳವಿರಬೇಕು, ಗಾಳಿ ಬೆಳಕು ಇರಬೇಕು, ಅದು ಶುಚಿಯಾಗಿರಬೇಕು, ಮಕ್ಕಳ ಪಾಲನೆಯಲ್ಲಿ ತರಬೇತಾದ ಹೆಂಗಸು ನೋಡಿಕೊಳ್ಳಬೇಕು ಎಂದೂ ಅಲ್ಲಿ ಬರೆದಿತ್ತು. ಮಕ್ಕಳ ನಡುವೆ ಬೇನೆ ಹರಡದಿರಲು ಬೇಕಾದ ಮುಖ್ಯ ಸಾಮಗ್ರಿಗಳು ಇವೇ. ಆದರೆ ಕಾಯಿದೆ ನಿಂತದ್ದು ಕಾರ್ಖಾನೆಯ ಗೇಟಿನ ಬಳಿ. ಕಬ್ಬು ಅರೆಯುವ ಯಂತ್ರದ ಬಳಿ ದುಡಿದವಳಿಗೆ ಸಿಗಬಹುದಾದ ಹಕ್ಕು ಅದೇ ಕಬ್ಬನ್ನು ನೆಟ್ಟು ಕಳೆ ಕಿತ್ತವಳಿಗೆ ಸಿಕ್ಕಲಿಲ್ಲ. ಅವಳ ಕೂಸು ಬದುವಿನ ಜೋಲಿಯಲ್ಲಿಯೇ ಉಳಿಯಿತು. ಆಲೆಮನೆಯ ಕೊಪ್ಪರಿಗೆಯ ಹೊಗೆಯಲ್ಲಿ ಆಡಿತು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಅಂಗನವಾಡಿ. 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಮಳವಳ್ಳಿಗೆ ಅದು ಕಾವೇರಿಯ ಆಚೆಯ ನೆರೆಯ ತಾಲ್ಲೂಕು. ಅಲ್ಲಿ 100 ಕೇಂದ್ರಗಳಿಂದ ಹೊರಟ ಯೋಜನೆ ಕ್ರಮೇಣ ನಾಡಿನ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ಆ ವರ್ಷದ ಮೇ ತಿಂಗಳಲ್ಲಿಯೇ ಭಾರತದ ಕೊನೆಯ ಸಿಡುಬಿನ ರೋಗಿ ಕಂಡುಬಂದದ್ದು ಗಮನಿಸತಕ್ಕ ಮಾತು. ಸಿಡುಬು ಹೊರಟುಹೋದ ವರ್ಷವೇ ಅಂಗನವಾಡಿ ಬಾಗಿಲು ತೆರೆಯಿತು. ಅನಂತರ 1978ರಲ್ಲಿ ಮಕ್ಕಳ ಲಸಿಕೆಗಳ ವಿಸ್ತೃತ ಕಾರ್ಯಕ್ರಮವೂ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೂ ಬಂದಾಗ ಚುಚ್ಚುಮದ್ದಿನ ದಿನ ತಾಯಂದಿರು ಕೂಡುವ ಜಾಗ ಬಹುಮಟ್ಟಿಗೆ ಅಂಗನವಾಡಿಯೇ ಆಯಿತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೋ, ಕ್ಷಯ, ದಡಾರಗಳಿಗೆ ಎದುರಾಗಿ ಮಗುವಿಗೆ ಕವಚ ತೊಡಿಸುವ ಕೆಲಸ ಊರಿನ ಮಧ್ಯದ ಒಂದು ಕೋಣೆಯಲ್ಲಿ ನಡೆಯಿತು. 1995ರಿಂದ ಪಲ್ಸ್ ಪೋಲಿಯೋ ಭಾನುವಾರಗಳಂದು ಬಸ್ ನಿಲ್ದಾಣದಲ್ಲಿಯೂ ಸಂತೆಯಲ್ಲಿಯೂ ಎರಡು ತೊಟ್ಟು ಹಾಕುತ್ತ ನಿಂತ ಅಂಗನವಾಡಿ ಕಾರ್ಯಕರ್ತೆಯರನ್ನು ನೀವೆಲ್ಲ ನೋಡಿದ್ದೀರಿ. 2011ನೆಯ ಜನವರಿಯ ಬಳಿಕ ಭಾರತದಲ್ಲಿ ಕಾಡು ಪೋಲಿಯೋ ವೈರಸ್ಸಿನ ರೋಗಿ ಕಂಡಿಲ್ಲ. 2014ರ ಮಾರ್ಚಿಯಲ್ಲಿ ಅದಕ್ಕೆ ಅಧಿಕೃತ ಮುದ್ರೆ ಬಿದ್ದಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಫೋನಿನಿಂದ ಫೋನಿಗೆ ಸುಳ್ಳು ಸುದ್ದಿಗಳು ಹಾರಾಡಿದುವು. ಹಳೆಯ ಭಯ ಹೊಸ ವೇಷದಲ್ಲಿ ಬಂದಿತ್ತಷ್ಟೆ. ತಮ್ಮ ಮಗುವನ್ನು ಹೆಸರು ಹಿಡಿದು ಕರೆಯುವ ಪರಿಚಿತಳೊಬ್ಬಳ ಮಾತಿಗಿಂತ ಮಿಗಿಲಾದ ಮದ್ದು ಅಂಥ ಭಯಕ್ಕೆ ಇಲ್ಲ.

2020ರ ಮಾರ್ಚಿಯಲ್ಲಿ ಕೊರೋನಾ ಬಂದಾಗ ಎಲ್ಲ ಅಂಗನವಾಡಿಗಳ ಬಾಗಿಲೂ ಮುಚ್ಚಿತು. ಕರ್ನಾಟಕದಲ್ಲಿ ಅವು ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ಆ ಇಪ್ಪತ್ತು ತಿಂಗಳು ಕಾರ್ಯಕರ್ತೆಯರು ಆಹಾರ ಸಾಮಗ್ರಿಯನ್ನು ಮನೆಮನೆಗೆ ಮುಟ್ಟಿಸಿದರು. ಬಾಗಿಲು ಮುಚ್ಚುವುದು ಬೇನೆಯನ್ನು ತಡೆಯುವ ಕೊನೆಯ ಉಪಾಯ. ಅದಕ್ಕೆ ತೆರುವ ಬೆಲೆಯೂ ದೊಡ್ಡದು. ಕೂಡಿ ಉಣ್ಣುವ ಊಟ, ಕೂಡಿ ಕಲಿಯುವ ಮಾತು, ಸಮಯಕ್ಕೆ ಬೀಳಬೇಕಾದ ಚುಚ್ಚುಮದ್ದು, ತಾಯಿಯ ದಿನದ ಕೂಲಿ, ಇವೆಲ್ಲಕ್ಕೂ ಅದರಿಂದ ಪೆಟ್ಟು ಬೀಳುತ್ತದೆ. ಆದುದರಿಂದ ಬಾಗಿಲು ತೆರೆದಿಟ್ಟೇ ಬೇನೆಯನ್ನು ತಡೆಯುವ ವಿದ್ಯೆಯನ್ನು ನಾವು ಕಲಿಯಬೇಕು. ಅದು ದೊಡ್ಡ ವಿದ್ಯೆಯೇನಲ್ಲ.

ಎಳೆಯ ಮಕ್ಕಳಲ್ಲಿ ಅಂಟುಬೇನೆ ಸಾಗುವ ದಾರಿಗಳು ಮುಖ್ಯವಾಗಿ ಮೂರು. ಕೈ ಬಾಯಿಗಳ ದಾರಿಯಿಂದ ಭೇದಿ, ಕಾಮಾಲೆ, ಜಂತುಹುಳು ಬರುತ್ತವೆ. ಉಸಿರಿನ ದಾರಿಯಿಂದ ನೆಗಡಿ, ನಾಯಿಕೆಮ್ಮು, ದಡಾರ, ಸೀತಾಳೆ ಸಿಡುಬುಗಳು ಬರುತ್ತವೆ. ಮೈ ಬಟ್ಟೆಗಳ ದಾರಿಯಿಂದ ಕಜ್ಜಿ, ಹೇನು, ಕಣ್ಣುಬೇನೆ ಬರುತ್ತವೆ. ಇವುಗಳಲ್ಲಿ ಮೊದಲನೆಯದಕ್ಕೆ ಸೋಪು ಸಾಕು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರ ವೈದ್ಯರ ಕೈಯಿಂದಲೇ ಬರುತ್ತಿದೆಯೆಂದು ಕಂಡುಹಿಡಿದು ಕೈ ತೊಳೆಯುವ ನಿಯಮ ಮಾಡಿದ. ಸಾವು ಥಟ್ಟನೆ ಇಳಿಯಿತು. ಆದರೆ ದೊಡ್ಡವರಿಗೆ ತಮ್ಮ ಕೈ ಕೊಳಕೆಂಬ ಮಾತು ರುಚಿಸಲಿಲ್ಲ. ಶಿಶುಪಾಲನೆಯ ಮನೆಯಲ್ಲಿಯೂ ಮೊದಲು ತೊಳೆಯಬೇಕಾದದ್ದು ದೊಡ್ಡವರ ಕೈ. ಒಂದು ಕೂಸಿನ ಮಲ ತೊಳೆದ ಕೈಯಿಂದ ಇನ್ನೊಂದಕ್ಕೆ ಅನ್ನ ಕಲಸುವ ಮುನ್ನ ಸೋಪು ಹಚ್ಚಿ ಇಪ್ಪತ್ತು ಎಣಿಸುವಷ್ಟು ಹೊತ್ತು ಉಜ್ಜಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಎಲ್ಲ ಮಕ್ಕಳೂ ಒಂದೇ ಬೋಗುಣಿಯಲ್ಲಿ ಕೈ ಅದ್ದಿದರೆ ಅದು ತೊಳೆದಂತಲ್ಲ, ಹಂಚಿದಂತೆ. ಕುಡಿಯುವ ನೀರಿನ ಗಡಿಗೆಗೆ ಮುಚ್ಚಳವೂ ಉದ್ದ ಹಿಡಿಯ ಸೌಟೂ ಇರಲಿ, ಲೋಟವನ್ನೇ ಅದ್ದಬಾರದು.

ಭೇದಿ ಆರಂಭವಾದ ಮಗುವನ್ನು ಉಪವಾಸ ಕೆಡವುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಾಗ, ಸಲೈನು ಮುಗಿದುಹೋದ ಸಂಕಟದಲ್ಲಿ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸುಗಳ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಆ ಪುಡಿಯ ಪೊಟ್ಟಣ ಇಂದು ಅಂಗನವಾಡಿಗಳಲ್ಲಿ ದೊರೆಯುತ್ತದೆ. ಪೊಟ್ಟಣದ ಮೇಲೆ ಬರೆದಿರುವ ಅಳತೆಯಷ್ಟೇ ಕಾಯಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಪುಡಿಯನ್ನು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು.

ಉಸಿರಿನ ದಾರಿಯ ಬೇನೆಗಳಲ್ಲಿ ದಡಾರವೇ ಎಲ್ಲಕ್ಕಿಂತ ಮಿಗಿಲು. ಕವಚವಿಲ್ಲದ ಜನರ ನಡುವೆ ಒಂದು ದಡಾರ ಹನ್ನೆರಡರಿಂದ ಹದಿನೆಂಟು ಜನಕ್ಕೆ ಹಬ್ಬಬಲ್ಲುದು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಅದು ಉಳಿಯಬಲ್ಲುದು. ಮೈಮೇಲೆ ಬೊಕ್ಕೆ ಏಳುವ ನಾಲ್ಕು ದಿನ ಮೊದಲೇ ಅದು ಅಂಟತೊಡಗುತ್ತದೆ. ಆದುದರಿಂದ ಕಂಡ ಮೇಲೆ ಬೇರೆಯಿಟ್ಟರೆ ಸಾಲದು, ಲಸಿಕೆಯೇ ಬೇಕು. ಲಸಿಕೆಯ ಮೊದಲ ಸರದಿ ಒಂಬತ್ತು ತಿಂಗಳು ತುಂಬಿದ ಮೇಲೆ. ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ. ಒಂಬತ್ತು ತಿಂಗಳು ತುಂಬದ ಹಸುಗೂಸಿಗೆ ತನ್ನದೆಂಬ ಕವಚವಿಲ್ಲ. ಸುತ್ತಲಿನ ಮಕ್ಕಳ ಕವಚವೇ ಅದಕ್ಕೆ ಬೇಲಿ. ಕಬ್ಬು ಕಡಿಯಲು, ಆಲೆಮನೆಯಲ್ಲಿ ದುಡಿಯಲು ಹೊರ ಊರುಗಳಿಂದ ಬಂದವರ ಮಕ್ಕಳು ಯಾವ ಊರಿನ ಪಟ್ಟಿಯಲ್ಲಿಯೂ ಇಲ್ಲದೆ ಹೋಗುವುದುಂಟು. ಅಂಥ ಮಗುವನ್ನು ಕರೆದು ಹೆಸರು ಬರೆದುಕೊಳ್ಳುವುದು ಉಪಕಾರವಲ್ಲ, ನಮ್ಮ ಮಕ್ಕಳ ಬೇಲಿಯ ಕಂಡಿ ಮುಚ್ಚುವ ಕೆಲಸ.

ಇನ್ನು ಮಗುವನ್ನು ಎಷ್ಟು ದಿನ ಮನೆಯಲ್ಲಿ ಇರಿಸಿಕೊಳ್ಳಬೇಕು? ದಡಾರವಾದರೆ ಬೊಕ್ಕೆ ಎದ್ದ ಮೇಲೆ ನಾಲ್ಕು ದಿನ. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ. ಕೆನ್ನೆ ಊದುವ ಮಂಗನಬಾವಾದರೆ ಐದು ದಿನ. ವಾಂತಿಭೇದಿಯಾದರೆ ಅದು ನಿಂತ ಮೇಲೆ ಎರಡು ದಿನ. ಬರಿಯ ನೆಗಡಿಗೆ, ಮಗು ಲವಲವಿಕೆಯಿಂದಿದ್ದರೆ, ಮನೆಯಲ್ಲಿ ಕೂಡಿಹಾಕಬೇಕಾಗಿಲ್ಲ. ಬೆಳಿಗ್ಗೆ ಬಾಗಿಲಲ್ಲಿಯೇ ಮಗುವಿನ ಮುಖ, ಕಣ್ಣು, ಚರ್ಮಗಳನ್ನು ನೋಡಿ, “ರಾತ್ರಿ ಹೇಗಿತ್ತು?” ಎಂದು ತಾಯಿಯನ್ನು ಕೇಳುವ ಅಭ್ಯಾಸ ಎಲ್ಲ ಶಿಶುವಿಹಾರಗಳಲ್ಲಿಯೂ ಇರಬೇಕು. ಬೇನೆಯ ಸುಳಿವು ದೊರೆಯುವುದು ಹೆಚ್ಚಾಗಿ ಆ ಒಂದು ಪ್ರಶ್ನೆಯಿಂದಲೇ.

ಆದರೆ ಆ ಪ್ರಶ್ನೆಗೆ ತಾಯಿ ನಿಜವನ್ನು ಹೇಳಬೇಕಷ್ಟೆ. ನಮ್ಮ ಇತಿಹಾಸವೆಲ್ಲ ಬಂದು ನಿಲ್ಲುವುದು ಇಲ್ಲಿ. “ಜ್ವರವಿತ್ತು” ಎಂದರೆ ಮಗುವನ್ನು ಹಿಂದಕ್ಕೆ ಕಳುಹಿಸುತ್ತಾರೆ. ಮಗು ಹಿಂದಕ್ಕೆ ಬಂದರೆ ಆ ದಿನದ ಕೂಲಿ ಹೋಯಿತು. ನಾಲ್ಕು ದಿನವಾದರೆ ಕೆಲಸವೇ ಹೋಗಬಹುದು. ಆಗ ತಾಯಿ ಬೆಳಿಗ್ಗೆ ಜ್ವರದ ಮಾತ್ರೆ ಕುಡಿಸಿ, ಮೈ ತಣ್ಣಗಾದ ಹೊತ್ತಿನಲ್ಲಿ ಮಗುವನ್ನು ಬಿಟ್ಟು ಓಡುತ್ತಾಳೆ. ಅವಳು ಮೋಸಗಾರ್ತಿಯಲ್ಲ, ಬಡವಿ. ಗಂಜಾಮಿನಲ್ಲಿ ಜನರನ್ನು ಕೆರಳಿಸಿದ್ದು ಮಗುವನ್ನೋ ಮನೆಯವರನ್ನೋ ಕಳೆದುಕೊಳ್ಳುವ ಭಯ; ಇಂದು ತಾಯಿಯ ಬಾಯಿ ಮುಚ್ಚಿಸುವುದು ಕೂಲಿಯ ಭಯ. ಎರಡರ ಫಲವೂ ಒಂದೇ, ಬೇನೆ ಗುಟ್ಟಾಗಿ ಒಳಗೆ ಬರುತ್ತದೆ.

ಈ ಗಂಟನ್ನು ಬಿಚ್ಚುವ ಪ್ರಯತ್ನಗಳು ಇಲ್ಲದಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಎಳೆಯ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ದುಡಿಯುವ ಹೆಂಗಸರಲ್ಲೇ ಒಬ್ಬಳನ್ನು ಕೂಲಿ ಕೊಟ್ಟು ನೇಮಿಸಬೇಕೆಂಬ ಏರ್ಪಾಟಿತ್ತು. 2023ರಲ್ಲಿ ಕರ್ನಾಟಕ ಸರ್ಕಾರ ‘ಕೂಸಿನ ಮನೆ’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 4,000 ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಸಾರಿತು. ಬದುವಿನ ಜೋಲಿಯ ಕೂಸಿಗೆ ಸೂರು ಕೊಡುವ ಯೋಚನೆ ಇದು. ಸೂರಿನ ಜೊತೆಗೆ ಬೇಕಾದದ್ದು ನೀರಿನ ಕೊಳಾಯಿ, ಸೋಪು, ತೆರೆದ ಕಿಟಕಿ, ಮಗುವಿಗೊಂದು ಬೇರೆ ಬೇರೆ ಟವೆಲು, ಬೇನೆಯಾದ ಮಗುವನ್ನು ತಾಯಿ ಬರುವವರೆಗೆ ಮಲಗಿಸಲು ಒಂದು ಮೂಲೆ, ಅದನ್ನು ನೋಡುವ ತಾಳ್ಮೆಯ ಕಣ್ಣು.

ಓದುಗರೇ, ಇದು ಹಳ್ಳಿಯ ಮಾತು, ಪೇಟೆಯ ನಮಗೇನು ಎನ್ನಬೇಡಿ. ನಿಮ್ಮ ಮನೆಯ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮಗು ಯಾವುದೋ ಅಂಗನವಾಡಿಯ ಚಾಪೆಯ ಮೇಲೆ ಕುಳಿತಿದೆ. ನಿಮ್ಮ ಮೊಮ್ಮಗು ಯಾವುದೋ ಶಿಶುವಿಹಾರದ ಬೆಂಚಿನ ಮೇಲೆ ಕುಳಿತಿದೆ. ಅವರಿಬ್ಬರ ನಡುವೆ ನಿಮ್ಮ ಅಡಿಗೆಮನೆಯಿದೆ. “ಮಗುವಿಗೆ ಬೊಕ್ಕೆ ಎದ್ದಿದೆ, ನಾಲ್ಕು ದಿನ ಬರುವುದಿಲ್ಲ” ಎಂದು ಆಕೆ ಹೇಳಿ ಕಳುಹಿಸಿದರೆ ಮುಖ ಗಂಟಿಕ್ಕಬೇಡಿ. ಆ ನಾಲ್ಕು ದಿನದ ಸಂಬಳವನ್ನು ಹಿಡಿಯಬೇಡಿ. ಆಕೆ ನಿಜ ಹೇಳಿದ್ದರಿಂದ ಎಷ್ಟು ಮನೆಗಳ ಮಕ್ಕಳು ಉಳಿದರೆಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ. ನಿಮ್ಮ ಮನೆಯ ಮಗುವಿನ ಲಸಿಕೆಯ ಕಾರ್ಡನ್ನು ಒಮ್ಮೆ ತೆಗೆದು ನೋಡಿ, ತಪ್ಪಿದ ಸರದಿಯಿದ್ದರೆ ಹಾಕಿಸಿ. ಆಕೆಯ ಮಗುವಿನ ತಾಯಿ ಕಾರ್ಡನ್ನೂ ತರಹೇಳಿ ಓದಿ ತಿಳಿಸಿ. ಬೀದಿಯ ಅಂಗನವಾಡಿಗೆ ಕೈ ತೊಳೆಯುವ ಕೊಳಾಯಿ ಇದೆಯೆ ಎಂದು ವಿಚಾರಿಸಿ. ಇಲ್ಲವಾದರೆ ಪಂಚಾಯಿತಿಗೋ ಪುರಸಭೆಗೋ ಒಂದು ಅರ್ಜಿ ಬರೆದುಕೊಡಿ. ಅಂದು ತೋಳು ತೋರಿಸಿ ನಿಂತ ರಾಣಿಯರು ಜನರಿಗೆ ಧೈರ್ಯ ಕೊಟ್ಟರು. ಇಂದು ಆ ಧೈರ್ಯ ಕೊಡಬಲ್ಲವರು ಕೂಲಿ ಕೊಡುವ ಕೈಗಳು.